ಶಂಕ್ರಮ್ಮ ವೈನಿ ಕೇಳಿದ್ದು, ದೌಲಪ್ಪಣ್ಣ ಬಿಗಿದಿಟ್ಟ ರೀಲು

ಕಪನೂರಿನ ನಮ್ಮ ಈ ಅಂಗಳದಲ್ಲಿ ಬಂದು ಕೂತಿರುವ ಹಿರಿಯರೇ, ಅಕ್ಕಪಕ್ಕದ ಶೆಡ್ಡುಗಳ ಮಾಲೀಕರೇ, ಕೆಲಸ ಬಿಟ್ಟು ಬಂದ ಮೇಸ್ತ್ರಿಗಳೇ, ಕಮಲಾಪುರದಿಂದ ಬಸ್ಸು ಹಿಡಿದು ಬಂದ ಬಂಧುಗಳೇ — ಎಲ್ಲರಿಗೂ ನಮಸ್ಕಾರ, ಸಲಾಂ. ನಮ್ಮನ್ನು ಬಿಟ್ಟು ಹೋದ ದೌಲಪ್ಪಣ್ಣನ ಮನೆಯವರಾದ ಶಂಕ್ರಮ್ಮ ವೈನಿ, ಅವರ ಮಗಳು ಮಲ್ಲಿಕಾ — ನಿಮ್ಮಿಬ್ಬರಿಗೆ ಬೇರೆಯಾಗಿ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನಿಮ್ಮ ಮುಂದೆ ಹೀಗೆ ಮೈಕು ಹಿಡಿದು ನಿಲ್ಲುವ ದಿನ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಇಮಾಮುದ್ದೀನ್. ಈ ವರ್ಕ್‌ಶಾಪಿನಲ್ಲಿ ದೌಲಪ್ಪಣ್ಣ ಮತ್ತು ನಾನು ಪಾಲುದಾರರು. ಲೇತು ನನ್ನದು; ಬ್ರೇಕು, ಕ್ಲಚ್ಚು ಅವರದು. ನನಗೆ ಭಾಷಣ ಬರುವುದಿಲ್ಲ. ಬರುವವರು ನನಗಿಂತ ಮೊದಲೇ ಮಾತಾಡಿ, ದೌಲಪ್ಪಣ್ಣ ದೇವರಂಥ ಮನುಷ್ಯ ಎಂದು ಹೇಳಿ ಕೂತರು. ದೇವರಂಥವರೇನೂ ಅಲ್ಲ ಬಿಡಿ. ನಟ್ಟು ಬಿಚ್ಚುವ ಪಾನಾ ಎಲ್ಲಿಟ್ಟೆ ಎಂದು ನನ್ನನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ತಮ್ಮ ಜೇಬಿನಿಂದಲೇ ಅದನ್ನು ತೆಗೆಯುವ ಮನುಷ್ಯ. ತೆಗೆದ ಮೇಲೂ ತಪ್ಪು ನನ್ನದೇ.

ನಾನಿಲ್ಲಿ ಹೊಗಳಲು ನಿಂತಿಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಡಲು ನಿಂತಿದ್ದೇನೆ. ನಿನ್ನೆ ಕಮಲಾಪುರಕ್ಕೆ ಹೋಗಿದ್ದೆ. ವೈನಿ ಚಹಾ ಕೊಟ್ಟು, ಎದುರಿಗೆ ಕೂತು, ನೆಲ ನೋಡುತ್ತ ಕೇಳಿದರು —

"ಇಮಾಮ್ ಭಾಯಿ, ನೀವು ಅವರ ಬಾಜೂಕ ಕೂತು ಕೆಲಸ ಮಾಡಿದವರು. ಅವರ ಕೈಲಿಂದ ಎಷ್ಟು ಜೀವ ಹೋದ್ವು? ಖರೇ ಹೇಳ್ರಿ. ಕೇಳಿದ ಮ್ಯಾಲ, ಮಲ್ಲಿಕಾ ಆ ಕೆಲಸ ಮುಂದ ಮಾಡಬೇಕೋ ಬ್ಯಾಡೋ ನಾ ಹೇಳ್ತೀನಿ."

ನಾನು ಚಹಾ ಹಾಗೇ ಇಟ್ಟೆ. ನಾಳೆ ಎಲ್ಲರ ಮುಂದೆ ಹೇಳುತ್ತೇನೆ ವೈನಿ ಎಂದೆ. ಎಲ್ಲರ ಮುಂದೆ ಯಾಕೆ? ಯಾಕೆಂದರೆ ಕಮಲಾಪುರದ ಸಂತೆಯಲ್ಲಿ ನಿಂತು, ಶರಣರ ಮನೆಯ ಮನುಷ್ಯ ಮೀನು ಹಿಡಿಯುವ ಸಾಮಾನು ರಿಪೇರಿ ಮಾಡುತ್ತಾನಂತೆ ಎಂದು ಆಡಿಕೊಂಡವರೂ ಇಲ್ಲಿ ಕೂತಿದ್ದಾರೆ. ಹೆಸರು ಹೇಳುವುದಿಲ್ಲ. ಅವರೂ ಕೇಳಲಿ.

ಈ ಮೇಜಿನ ಮೇಲೆ, ಹಾರ ಹಾಕಿದ ಫೋಟೋದ ಪಕ್ಕದಲ್ಲಿ, ಇದೇನು ಕೋಲಿಗೆ ಕಟ್ಟಿಟ್ಟಿದ್ದಾರೆ ಎಂದು ಆಗಿನಿಂದ ನೋಡುತ್ತಿದ್ದೀರಿ. ಇದು ರೀಲು. ಸಮುದ್ರದಲ್ಲಿ ದೊಡ್ಡ ಮೀನಿಗೆ ಗಾಳ ಹಾಕುವವರು ಕೋಲಿಗೆ ಸಿಕ್ಕಿಸಿಕೊಳ್ಳುವುದು. ಇದರೊಳಗೆ ದಾರ ಸುತ್ತಿರುತ್ತದೆ. ದಾರದ ಉರುಳೆಗೆ ಒಂದು ಬ್ರೇಕು ಇರುತ್ತದೆ, ಅದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಮೀನು ಜಗ್ಗಿದಾಗ ಉರುಳೆ ತಿರುಗಿ ದಾರ ಬಿಡಬೇಕು, ಆದರೆ ಬಿಟ್ಟಿಯಾಗಿ ಬಿಡಬಾರದು — ಎಳೆದು ಎಳೆದು ಮೀನು ದಣಿಯಬೇಕು. ಬ್ರೇಕು ಅತಿ ಬಿಗಿಯಾದರೆ ದಾರ ಪಟ್ಟನೆ ಹರಿದು, ಕೊಕ್ಕೆ ಬಾಯಲ್ಲೇ ಉಳಿದು ಮೀನು ಓಡುತ್ತದೆ. ಅತಿ ಸಡಿಲಾದರೆ ಏನಾಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಇವತ್ತಿನ ಮಾತೆಲ್ಲ ಅದರದ್ದೇ.

ಸಮುದ್ರವೇ ಇಲ್ಲದ ನಮ್ಮ ಕಲಬುರಗಿಗೆ ಈ ರೀಲು ಹೇಗೆ ಬಂತು? ಅಗೋ, ಅಲ್ಲಿ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನಲ್ಲ ಜೈಭೀಮ, ಅವನಿಂದ. ನಮ್ಮೂರಿನ ಹುಡುಗ, ಕಾರವಾರದಲ್ಲಿ ನೌಕರಿ. ಅಲ್ಲಿ ದೋಣಿಯ ಚಟ ಹತ್ತಿಸಿಕೊಂಡ. ರಜೆಗೆ ಬಂದಾಗ, ಉಪ್ಪು ಹಿಡಿದು ಜಾಮ್ ಆದ ಒಂದು ರೀಲನ್ನು ತಂದು ದೌಲಪ್ಪಣ್ಣನ ಮುಂದಿಟ್ಟ. ಅವರು ಬಿಚ್ಚಿ ನೋಡಿ ನಕ್ಕರು. ಒಳಗೆ ಒಂದರ ಮೇಲೊಂದು ಪ್ಲೇಟು, ನಡುವೆ ವಾಷರು — ನಮ್ಮ ಸ್ಕೂಟರಿನ ಕ್ಲಚ್ಚೇ, ಸಣ್ಣದು, ಅಷ್ಟೇ. ಸರಿಮಾಡಿ ಕೊಟ್ಟರು. ಅವನ ಗೆಳೆಯರದು ಬಂತು, ಗೆಳೆಯರ ಗೆಳೆಯರದು ಬಂತು, ಮಲ್ಪೆಯಿಂದ, ಗೋವಾದಿಂದ ಪಾರ್ಸೆಲ್ ಬರತೊಡಗಿದವು. ಮೀನು ಮುಟ್ಟದ ಮನುಷ್ಯನ ಕೈಗೆ ಮೀನಿನ ಕೆಲಸ! ನಾನು ನಮ್ಮ ಮನೆಯಾಕೆ ಇಕ್ಬಾಲ್ ಬೇಗಂ ಕಟ್ಟಿಕೊಟ್ಟ ಡಬ್ಬಿ ತೆರೆದರೆ ಸಾಕು, ಅವರು ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು. ಒಳಗೆ ಬದನೆಕಾಯಿ ಇದ್ದರೂ ತೆರೆಯುತ್ತಿದ್ದರು.

ಇನ್ನು ಅವರ ಕೆಲಸದ ರೀತಿ. ಬ್ರೇಕು ಎಷ್ಟು ಬಿಗಿಯಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ದಾರ ಎಷ್ಟು ಭಾರಕ್ಕೆ ಹರಿಯುತ್ತದೋ ಅದರ ಮೂರನೇ ಒಂದು ಪಾಲಿಗೆ ಬ್ರೇಕು ಜಾರಬೇಕು. ಮೂವತ್ತು ಕಿಲೋಗೆ ಹರಿಯುವ ದಾರವಾದರೆ, ಹತ್ತು ಕಿಲೋ ಜಗ್ಗಿದಾಗ ಉರುಳೆ ತಿರುಗಬೇಕು. ಇದನ್ನು ರೀಲು ಬಳಸುವವರೆಲ್ಲ ಬಲ್ಲರು, ಜೈಭೀಮನೂ ಮೊದಲ ದಿನವೇ ಹೇಳಿದ್ದ. ಆದರೆ ದೌಲಪ್ಪಣ್ಣ ಹಾಗೆ ಬಿಗಿಯುತ್ತಿರಲಿಲ್ಲ. ಹತ್ತು ಎಂದಲ್ಲಿ ಐದಕ್ಕೆ ಇಡುತ್ತಿದ್ದರು. ಗಿರಾಕಿಗಳು ಫೋನು ಮಾಡಿ, ನಿಮ್ಮ ಬ್ರೇಕು ಬಹಳ ಸಡಿಲ ಎಂದು ಗೊಣಗುತ್ತಿದ್ದರು. ನಾನೂ ಒಮ್ಮೆ ಕೇಳಿದೆ, ಹೀಗ್ಯಾಕೆ ಮಾಡುತ್ತೀರಿ, ಹೆಸರು ಕೆಡುತ್ತದಲ್ಲ ಎಂದು. ಅವರು ನನ್ನ ಮುಖ ನೋಡಲಿಲ್ಲ.

"ಅದಕ್ಕೂ ಬಾಯಿ ಅದನೋ ಇಮಾಮ್. ಬಾಯಾಗ ಕೊಕ್ಕಿ ಸಿಕ್ಕದ. ಬಿಗೀ ಹಿಡದು ಜಗ್ಗಿದ್ರ ಅದಕ್ಕ ನೋಯಂಗಿಲ್ಲೇನು? ಸಡ್ಲ ಇರ್ಲಿ, ಒಂದಿಷ್ಟು ಓಡ್ಲಿ ಪಾಪ."

ನೋಡಿ, ಇಂಥ ತಪ್ಪನ್ನು ಮೀನು ತಿನ್ನುವ ನಾನು ಮಾಡುತ್ತಿರಲಿಲ್ಲ. ಕಾರವಾರದ ಯಾವ ಮೀನುಗಾರನೂ ಮಾಡುತ್ತಿರಲಿಲ್ಲ. ಸೊಪ್ಪಿನ ಪಲ್ಯ, ರೊಟ್ಟಿ ಉಂಡು, ಇರುವೆ ಕಂಡರೆ ಕಾಲು ಎತ್ತಿಡುವ ಕಮಲಾಪುರದ ದೌಲಪ್ಪಣ್ಣನೇ ಮಾಡಬೇಕಿತ್ತು, ಮಾಡಿದರು.

ಕೊನೆಗೆ ಜೈಭೀಮನಿಗೆ ಬೇಸರ ಬಂತು. ಒಮ್ಮೆ ಬಂದು ನೋಡಿರಿ, ನೀವು ಇಟ್ಟ ಬ್ರೇಕಿನಿಂದ ಏನಾಗುತ್ತದೆ ಎಂದು ನಿಮಗೇ ತಿಳಿಯುತ್ತದೆ ಎಂದು ಕರೆದ. ನಾವಿಬ್ಬರೂ ಹೋದೆವು. ವೈನಿ, ನಿಮಗೆ ನೆನಪಿರುತ್ತದೆ — ಬುತ್ತಿ ನೀವೇ ಕಟ್ಟಿದ್ದಿರಿ, ಶೇಂಗಾ ಹಿಂಡಿ ಹಾಕಿದ್ದಿರಿ. ಜೊತೆಗೆ ಒಂದು ಗೊನೆಯಷ್ಟು ಕೆಂಪು ಬಾಳೆಹಣ್ಣು. ದೋಣಿ ನಡೆಸುವವನು ಅದನ್ನು ನೋಡಿ ಹೌಹಾರಿದ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲವಂತೆ! ಸಿಗದಿದ್ದರೆ ಇನ್ನೂ ಒಳ್ಳೆಯದಾಯಿತು ಎಂದು ದೌಲಪ್ಪಣ್ಣ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತರು.

ಆದರೆ ಸಿಕ್ಕಿತು. ಟ್ರೆವಾಲಿ ಎನ್ನುತ್ತಾರೆ, ಎತ್ತಿನ ಹಾಗೆ ಹಣೆ, ಬಲವೂ ಹಾಗೇ. ಜೈಭೀಮನ ಕೋಲು ಬಿಲ್ಲಿನಂತೆ — ಹೀಗೆ — ಬಾಗಿತು. ದಾರ ಓಡಿತು, ಓಡಿತು, ಓಡುತ್ತಲೇ ಇತ್ತು. ಬ್ರೇಕು ಬಿಗಿಯಲೇನು ಎಂದು ಅವನು ಕೂಗಿದ. ದೌಲಪ್ಪಣ್ಣ ರೀಲಿಗೆ ಕೈ ಅಡ್ಡ ಹಿಡಿದು, "ಬ್ಯಾಡ, ಹಂಗೇ ಇರ್ಲಿ" ಎಂದರು. ಇವನು ಒಂದಿಷ್ಟು ಸುತ್ತಿಕೊಂಡರೆ ಅದು ಮತ್ತೆ ಅಷ್ಟು ದೂರ ಓಡುವುದು. ಸುತ್ತುವುದು, ಓಡುವುದು. ಎಳೆ ಬಿಸಿಲು ಹೋಗಿ ನಡು ಬಿಸಿಲು ಬಂತು. ಓಡಲಿ ಪಾಪ ಎಂದಿದ್ದರಲ್ಲ — ಓಡಿತು. ಇದ್ದ ಉಸಿರನ್ನೆಲ್ಲ ಖಾಲಿ ಮಾಡಿಕೊಂಡು ಓಡಿತು.

ಕೊನೆಗೆ ದೋಣಿಯ ಪಕ್ಕಕ್ಕೆ ಬಂದಾಗ ಅದು ಮಗ್ಗುಲಾಗಿ ತೇಲುತ್ತಿತ್ತು. ಜೈಭೀಮ ಹಿಡಿದದ್ದನ್ನು ತಿನ್ನುವವನಲ್ಲ, ಬಿಡುವವನು. ಕೊಕ್ಕೆ ತೆಗೆದ. ಬಾಲ ಹಿಡಿದು, ಕಿವಿರಿಗೆ ನೀರು ಹೋಗಲಿ ಎಂದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದ. ಅದು ಅಲುಗಲಿಲ್ಲ. ಆಗ ದೌಲಪ್ಪಣ್ಣ ಬಾಳೆಹಣ್ಣಿನ ಚೀಲ ಕೆಳಗಿಟ್ಟು, ದೋಣಿಯಿಂದ ಬಗ್ಗಿ, ಎರಡೂ ಕೈಯಲ್ಲಿ ಅದರ ಹೊಟ್ಟೆಯನ್ನು ಹಿಡಿದರು. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ, ವೈನಿ. ಬಹಳ ಹೊತ್ತು ಹಿಡಿದಿದ್ದರು. ಸಾಕು ಬಿಡ್ರಿ ಎಂದು ನಾನು ಹೆಗಲು ಮುಟ್ಟಿದೆ. ಬಿಟ್ಟಾಗ ಅದು ಹಾಗೇ ಕೆಳಗೆ ಕೆಳಗೆ ಹೋಯಿತು.

"ಬಾಯಿ ನೋಯಬಾರದಂತ ಸಡ್ಲ ಬಿಟ್ಟೆ," ಎಂದರು. "ನನ್ನ ಸಡ್ಲ ಕೈನೇ ಕೊಂದದ."

ಊರಿಗೆ ಬಂದ ದಿನ ಅವರು ಮನೆಯಲ್ಲಿ ಉಣ್ಣಲಿಲ್ಲ. ಸಮುದ್ರದ ಗಾಳಿ ಹತ್ತಿದೆ ಎಂದು ನಿಮಗೆ ಹೇಳಿದರಂತೆ. ಗಾಳಿ ಅಲ್ಲ ವೈನಿ, ಕಾರಣ ಇದು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದವರೇ ಫೋನು ಹಿಡಿದು ಕೂತರು. ನಾನು ಬ್ರೇಕು ಇಟ್ಟುಕೊಟ್ಟ ರೀಲುಗಳನ್ನೆಲ್ಲ ವಾಪಸ್ಸು ಕಳಿಸಿರಿ, ನಾನು ತಪ್ಪು ಇಟ್ಟಿದ್ದೇನೆ, ತಿದ್ದಿ ಕೊಡುತ್ತೇನೆ ಎಂದು ಒಬ್ಬೊಬ್ಬರಿಗೂ ಹೇಳಿದರು. ನಾನು ಜಗಳ ತೆಗೆದೆ. ಊರ ತುಂಬ ನಮ್ಮ ತಪ್ಪು ನಾವೇ ಸಾರಿಕೊಂಡು ಬರಬೇಕೇನು ಎಂದು ಕೂಗಾಡಿದೆ. ಅವರು ಫೋನಿನ ಬಾಯಿಗೆ ಕೈ ಮುಚ್ಚಿ, ಲೇತು ಬಂದ್ ಮಾಡು, ಕೇಳಿಸುವುದಿಲ್ಲ ಎಂದರು. ಅಷ್ಟೇ ನಮ್ಮ ಜಗಳ. ಪಾರ್ಸೆಲ್‌ಗಳು ಬಂದವು, ಎಲ್ಲವನ್ನೂ ಹೊಸದಾಗಿ ಬಿಗಿದರು.

ಅಲ್ಲಿಂದ ಮುಂದೆ ಅವರ ರೀತಿಯೇ ಬೇರೆಯಾಯಿತು. ಮೂರನೇ ಒಂದು ಪಾಲು ಎಂದರೆ ಮೂರನೇ ಒಂದು ಪಾಲು, ಗುಲಗಂಜಿಯಷ್ಟೂ ಕಡಿಮೆ ಇಲ್ಲ. ಕೋಲನ್ನು ಬೆಂಚಿಗೆ ಬಿಗಿದು, ಅದರ ತುದಿಯಿಂದ ಬಂದ ದಾರಕ್ಕೆ ತೂಕ ತೋರಿಸುವ ಸ್ಪ್ರಿಂಗ್ ಕಾಟಾ ಸಿಕ್ಕಿಸಿ, ಅದನ್ನು ಹಿಡಿದು ಈ ಬೇವಿನ ಗಿಡದವರೆಗೆ ಹಿಂದೆ ಹಿಂದೆ ನಡೆಯುತ್ತಿದ್ದರು. ಬರೀ ರೀಲಿನಿಂದ ಜಗ್ಗಿ ನೋಡಿದರೆ ಸಾಲದು, ಕೋಲು ಬಾಗಿದಾಗ ಜಗ್ಗಾಟ ಹೆಚ್ಚುತ್ತದೆ, ಸಮುದ್ರದಲ್ಲಿ ಕೋಲು ಬಾಗಿಯೇ ಇರುತ್ತದಲ್ಲ ಎನ್ನುತ್ತಿದ್ದರು. ಗಿರಾಕಿಗಳಿಗೆ ಇನ್ನೊಂದು ಮಾತು ತಪ್ಪದೆ ಹೇಳುತ್ತಿದ್ದರು. ದಾರ ಬಹಳ ಹೊರಗೆ ಹೋದಾಗ ಗಾಬರಿಯಾಗಿ ಬ್ರೇಕು ಬಿಗಿಯಬೇಡಿರಿ, ಒಂಚೂರು ಸಡಿಲಿಸಿರಿ ಎಂದು. ಉರುಳೆಯ ಮೇಲೆ ದಾರ ಕಡಿಮೆಯಾದಷ್ಟು ಬ್ರೇಕು ತಾನಾಗಿ ಬಿಗಿಯಾಗುತ್ತದೆ. ಬೀಸುವ ಕಲ್ಲಿನ ಗೂಟ ನಡುವಿಗೆ ಹತ್ತಿರ ಬಂದರೆ ತಿರುಗಿಸಲು ಹೆಚ್ಚು ಜೋರು ಬೇಕಲ್ಲ, ಹಾಗೆ. ಮಲ್ಲಿಕಾ ಐಟಿಐ ಮುಗಿಸಿ ಶೆಡ್ಡಿಗೆ ಬಂದ ಮೇಲೆ ಅವಳಿಗೂ ಇದನ್ನೇ ಕಲಿಸಿದರು. ಅವಳು ಕಾಟಾ ಹಿಡಿದಾಗಲೆಲ್ಲ ಹಿಂದೆ ನಿಂತು, ಮೀನು ಬೇಗ ಬಿಡುಗಡೆಯಾಗಲಿ ಎಂದು ಒಂದೇ ಮಾತು —

"ಮೊದಲಿಂದ ಗಟ್ಟಿ ಇಡು ಮಲ್ಲಿ. ಲಗೂ ಬರ್ಲಿ, ಲಗೂ ಹೋಗ್ಲಿ."

ಈಗ ನಿಮ್ಮ ಪ್ರಶ್ನೆ, ವೈನಿ. ಎಷ್ಟು ಜೀವ ಹೋದವು? ದೌಲಪ್ಪಣ್ಣನ ಕೈಯಿಂದಲೇ ಹೋಯಿತು ಎಂದು ನಾನು ಕಣ್ಣಾರೆ ಕಂಡದ್ದು ಒಂದು. ಕಾಣದೆ ಹೋದವು ಇನ್ನೆಷ್ಟೋ. ಆ ಸಡಿಲ ಬ್ರೇಕುಗಳು ಎಲ್ಲೆಲ್ಲಿಗೆ ಹೋಗಿದ್ದವೋ ಯಾರು ಬಲ್ಲರು? ತಿದ್ದಿದ ಮೇಲೂ ಹಿಡಿದು ತಿಂದವರು ಇದ್ದಾರೆ. ದೌಲಪ್ಪಣ್ಣ ಆಮೇಲೆ ಗಿರಾಕಿಗಳಿಗೆ ಫೋನು ಮಾಡಿ ಕೇಳುತ್ತಿದ್ದರು, ಬಿಟ್ಟಿರೇನು ಎಂದು. ಇಲ್ಲ, ಸಾರು ಮಾಡಿದೆವು ಎಂದರೆ ಅಲ್ಲಿಗೇ ಫೋನು ಇಡುತ್ತಿದ್ದರು. ಬಿಟ್ಟೆವು, ಬಾಲ ಬಡಿದು ಹೋಯಿತು ಎಂದರೆ ಅವತ್ತು ಎಲ್ಲರ ಚಹಾ ಅವರ ಖರ್ಚು. ಒಂದೂ ಹೋಗಿಲ್ಲ ಎಂದು ನಾನು ಹೇಳಲಾರೆ. ಸತ್ತವರ ಫೋಟೋದ ಮುಂದೆ ನಿಂತು ಸುಳ್ಳು ಹೇಳಿ ನಾಳೆ ಯಾವ ಮುಖ ಇಟ್ಟುಕೊಂಡು ಈ ಬೆಂಚಿಗೆ ಬರಲಿ? ನನಗೆ ಗೊತ್ತಿರುವುದು ಇಷ್ಟು. ತಪ್ಪು ಕಂಡ ಮೇಲೆ ಅವರು ಅದೇ ಕೆಲಸದಲ್ಲಿ ಕೂತು ತಿದ್ದಿದರು. ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ನಾನು ಬಿಟ್ಟರೆ ಸಡಿಲ ಇಡುವ ಇನ್ನೊಬ್ಬ ಕೂರುತ್ತಾನೆ ಎನ್ನುತ್ತಿದ್ದರು. ಮಲ್ಲಿಕಾ ಮಾಡಬೇಕೋ ಬೇಡವೋ — ಅದು ನಿಮ್ಮ ಮಾತು, ನಾನು ನಡುವೆ ಬರುವುದಿಲ್ಲ.

ಇನ್ನೊಂದೇ ಒಂದು ಕೆಲಸ ಉಳಿದಿದೆ. ರೀಲು ಬಿಗಿದ ಮೇಲೆ ಕಾಟಾ ನೋಡಿದರೆ ಅವರಿಗೆ ಸಾಕಾಗುತ್ತಿರಲಿಲ್ಲ, ಸದ್ದು ಕೇಳಬೇಕಿತ್ತು. ಬ್ರೇಕು ಶುರುವಿನಲ್ಲಿ ಹಿಡಿದು ಆಮೇಲೆ ಜಾರಿದರೆ, ಆ ಒಂದು ಕ್ಷಣದಲ್ಲೇ ದಾರ ಹರಿಯುತ್ತದೆ. ಆದ್ದರಿಂದ ಮೊದಲಿಂದ ಕೊನೆಯವರೆಗೆ ಸರ್ರ್ ಎಂದು ಒಂದೇ ಸಮ ಬರಬೇಕು. ಅದನ್ನು ಕೇಳಲು ಅವರು ಹೀಗೆ — ಕೈ ಎತ್ತುತ್ತಿದ್ದರು. ನಾನು ಲೇತು ಬಂದ್ ಮಾಡಬೇಕು. ಬಾಜೂ ಶೆಡ್ಡಿನ ಕರೀಂಸಾಬ್ ಬೈಯುತ್ತಲೇ ಗ್ರೈಂಡಿಂಗ್ ಮಷೀನು ಬಂದ್ ಮಾಡಬೇಕು. ಈ ಸಾಲಿಗೆ ಸಾಲೇ ಒಂದು ನಿಮಿಷ ಉಸಿರು ಬಿಗಿಹಿಡಿದು ನಿಲ್ಲಬೇಕು. ನಿಂತಿದ್ದೀರಿ, ಎಲ್ಲರೂ ನಿಂತಿದ್ದೀರಿ, ಶಾಪ ಹಾಕುತ್ತ ನಿಂತಿದ್ದೀರಿ.

ಮೇಜಿನ ಮೇಲಿರುವ ಈ ರೀಲನ್ನು ಅವರು ಕೊನೆಯ ಸಂಜೆ ಬಿಗಿದದ್ದು. ಅವತ್ತು ಕರೀಂಸಾಬರಿಗೆ ಅರ್ಜೆಂಟ್ ಕೆಲಸವಿತ್ತು. ಇರಲಿ, ಸದ್ದು ನಾಳೆ ಕೇಳೋಣ ಎಂದು ಹೇಳಿ ಕಮಲಾಪುರದ ಬಸ್ಸು ಹತ್ತಿದರು. ಬೆಳಗಿನ ಜಾವ ಎದೆ ನಿಂತಿತು. ಅದರ ಸ್ಕ್ರೂ ನಾನು ಮುಟ್ಟಿಲ್ಲ, ಮಲ್ಲಿಕಾ ಮುಟ್ಟಿಲ್ಲ. ಅವರು ಇಟ್ಟ ಹಾಗೇ ಇದೆ.

ಆದ್ದರಿಂದ ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಅವರ ಪರವಾಗಿ ಕೈ ನಾನು ಎತ್ತುತ್ತೇನೆ. ಮಲ್ಲಿಕಾ ಕಾಟಾ ಹಿಡಿದು ನಡೆಯುತ್ತಾಳೆ. ಕರೀಂಸಾಬ್, ಮಷೀನು ಬಂದ್ ಆಯಿತೇ? — ಆಯಿತು.

ವೈನಿ, ನೀವು ಕೂತಿರ್ರಿ. ನಿಮಗ ಆಗಂಗಿಲ್ಲ — ಏನಂದ್ರಿ? — ನೀವಾ? —

ಸರಿ. ಮಲ್ಲಿಕಾ, ಕಾಟಾ ಅವ್ವನ ಕೈಯಾಗ ಕೊಡು. ಎರಡೂ ಕೈಲೆ ಹಿಡೀರಿ ವೈನಿ. ತುಂಬಿದ ಕೊಡ ಎತ್ತೋವಷ್ಟು ಜೋರು ಸಾಕು. ಜಗ್ಗಬ್ಯಾಡ್ರಿ, ಸುಮ್ಮನ ಹಿಂದಕ್ಕ ನಡೀರಿ, ಬೇವಿನ ಗಿಡದ ತನಕ.

ಇನ್ನು ಯಾರೂ ಮಾತಾಡಬಾರದು. ಕೇಳೋಣ.