ಅಕ್ಕ ತಂದ ಕಾಮಾಲೆ ಔಷಧ

ಬ್ಯಾಡಗಿ ಕಡೆಯ ಒಂದು ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರದ ಸಾಹುಕಾರನೊಬ್ಬ ಬಾಳುತ್ತಿದ್ದ. ಉಣ್ಣಲು ಉಡಲು ಕಡಿಮೆ ಇರಲಿಲ್ಲ. ಅಂಥವನ ಒಂದು ಕಣ್ಣಿನೊಳಗೆ ಕ್ಯಾನ್ಸರ್ ಹುಟ್ಟಿತು. ಕಣ್ಣನ್ನೇ ತೆಗೆದು ಕೃತಕ ಕಣ್ಣು ಕೂಡಿಸಿದರು. ಪೀಡೆ ಹೋಯಿತೆಂದು ಮನೆಯವರು ನೆಮ್ಮದಿಯ ಉಸಿರು ಬಿಟ್ಟರು. ಕೆಲವು ವರ್ಷ ಕಳೆದ ಮೇಲೆ ಅದೇ ರೋಗ ಲಿವರ್‌ನಲ್ಲಿ ಕಾಣಿಸಿತು. ನೋಡಿ, ಕಣ್ಣೆಲ್ಲಿ, ಲಿವರ್ ಎಲ್ಲಿ.

ದೊಡ್ಡಾಸ್ಪತ್ರೆಯ ಡಾಕ್ಟರು ತೊಡೆಯ ಸಂದಿಯಿಂದ ಸಣ್ಣ ನಳಿಗೆ ಹಾಯಿಸಿ, ಲಿವರ್‌ಗೆ ಮಾತ್ರ ತಾಗುವಂತೆ ಕೀಮೋ ಕೊಟ್ಟರು. ಗಂಟುಗಳು ಕುಗ್ಗಿದವು. ಇನ್ನೊಂದು ಸಲ ಕೊಡಬೇಕು, ಅಲ್ಲಿಯವರೆಗೆ ಸುಸ್ತಾದ ಲಿವರ್ ಚೇತರಿಸಿಕೊಳ್ಳಲಿ, ನಮ್ಮನ್ನು ಕೇಳದೆ ಏನನ್ನೂ ನುಂಗಬೇಡಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದವನಿಗೆ ಮೈತುಂಬ ಆಯಾಸ. ಅದಕ್ಕಿಂತ ದೊಡ್ಡ ಆಯಾಸವೆಂದರೆ, ನೋಡಲು ಬಂದವರಿಗೆಲ್ಲ 'ಆರಾಮ ಅದೀನಿ' ಎನ್ನುವುದು. ಕಿತ್ತಳೆ ತಂದವರಿಗೂ ಅದೇ, ಎಳನೀರು ತಂದವರಿಗೂ ಅದೇ. ಹೇಳಿ ಹೇಳಿ ನಾಲಿಗೆ ಸೋತಿತ್ತು. ಅಷ್ಟರಲ್ಲಿ ಇದ್ದ ಒಂದು ಕಣ್ಣು ಹಳದಿಯಾಯಿತು. ಕೃತಕ ಕಣ್ಣು ಮಾತ್ರ ಬೆಳ್ಳಗೇ ಇತ್ತು.

ಆಗ ಅಕ್ಕ ಬಂದಳು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದವಳು. ನೋಯುವ ಮೊಣಕಾಲಿನಲ್ಲೇ ಬಸ್ಸು ಹತ್ತಿ ಇಳಿದು, ಕಾಮಾಲೆಗೆ ಕೊಡುವ ಸೊಪ್ಪಿನ ಔಷಧ ತಂದಿದ್ದಳು. ಆ ಔಷಧಕ್ಕೊಂದು ಕಟ್ಟಳೆ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು, ಕುಡಿದದ್ದನ್ನು ಡಾಕ್ಟರಿಗೆ ಹೇಳಬಾರದು, ಹೇಳಿದರೆ ಅದರ ಗುಣ ಹೋಗುತ್ತದೆ. ಸಾಹುಕಾರ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. ಕುಡಿದ. ಮರುದಿನವೂ ಕುಡಿದ.

ಕೆಲವೇ ದಿನಗಳಲ್ಲಿ ಹೊಟ್ಟೆ ಉಬ್ಬಿತು, ಕಾಲು ಬಾತವು. ಮತ್ತೆ ಆಸ್ಪತ್ರೆ. ಬೇರೇನಾದರೂ ತೆಗೆದುಕೊಂಡಿರಾ ಎಂದು ಡಾಕ್ಟರು ಕೇಳಿದರು. ಇಲ್ಲವೆಂದ. ಇನ್ನೊಮ್ಮೆ ಕೇಳಿದರು. ಇಲ್ಲವೆಂದ. ಬಾಗಿಲ ಬಳಿ ನಿಂತ ಹೆಂಡತಿಗೆ ತಡೆಯಲಾಗಲಿಲ್ಲ.

"ಸೊಪ್ಪಿನ ಔಷಧಾ ಕುಡದಾರ್ರಿ," ಎಂದಳು.

ಡಾಕ್ಟರು ಬೈಯಲಿಲ್ಲ. ಕೀಮೋದಿಂದಲೂ ಹೀಗಾಗುವುದುಂಟು, ಸೊಪ್ಪಿನಿಂದಲೂ ಆಗುವುದುಂಟು, ಯಾವುದರ ಪಾಲು ಎಷ್ಟೆಂದು ಹೇಳಲಾರೆ ಎಂದರು. ಈ ಲಿವರ್ ಈಗ ಇನ್ನೊಂದು ಕೀಮೋ ತಾಳುವುದಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಿದರು. ಹಳದಿ ಇಳಿಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಕುಗ್ಗಿದ್ದ ಗಂಟುಗಳು ಮತ್ತೆ ಬೆಳೆದಿದ್ದವು. ಈ ಲಿವರ್‌ಗೆ ಇನ್ನು ಕೀಮೋ ಕೊಡಲಾಗದು, ಮನೆಯಲ್ಲೇ ಇರಲಿ ಎಂದರು ಡಾಕ್ಟರು.

ಅಕ್ಕ ಮಂಚದ ಬಳಿ ಕೂತು ಅತ್ತಳು. "ಔಷಧಾ ಅಂತ ಕೊಟ್ನೋ ತಮ್ಮಾ."

"ನಾ ಔಷಧಾ ಅಂತ ಕುಡೀಲಿಲ್ಲಬೇ ಅಕ್ಕಾ," ಎಂದ ಅವನು. "ಅಷ್ಟ ದೂರದಿಂದ ಬಂದೀಯಲ್ಲ, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನೀ ಸುಮ್ಮನ ಬಂದು ಕೂತಿದ್ರ ಸಾಕಿತ್ತು."

ಇದರಲ್ಲಿ ಯಾರು ಕೆಟ್ಟವರು, ಹೇಳಿ? ಅಕ್ಕನೇ? ತನ್ನ ಮಗುವೆಂದೇ ತಂದಳು. ತಮ್ಮನೇ? ಅವಳ ಮನಸ್ಸು ನೋಯಬಾರದೆಂದು ಕುಡಿದ. ಹಾಗಾದರೆ ಇದು ಆದದ್ದು ಹೇಗೆ? ನೀವೂ ರೋಗಿಯನ್ನು ನೋಡಲು ಹೋಗುತ್ತೀರಿ. ಹೋಗುವಾಗ ಏನು ಹೊತ್ತು ಹೋಗುತ್ತೀರಿ? ಯಾರಿಗೋ ವಾಸಿಯಾದ ಬೇರು, ಯಾರಿಗೋ ವಾಸಿಯಾದ ಕಷಾಯ. ನಾಳೆಯಿಂದ ಅದನ್ನು ಬಿಡಿ. ಹಾಸಿಗೆ ಹಿಡಿದವರೇ, ನೀವೂ ಕೇಳಿ. ಕೊಟ್ಟದ್ದನ್ನು ಬೇಡವೆನ್ನಿ. ನುಂಗಿಬಿಟ್ಟಿದ್ದರೆ ಡಾಕ್ಟರಿಗೆ ಹೇಳಿ, ಯಾರು ಮುನಿಸಿಕೊಂಡರೂ ಹೇಳಿ. ಉಳಿದವರು ಬರಿಗೈಯಲ್ಲಿ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಆ ಮನೆಯ ಹೆಣ್ಣುಮಗಳು ಉಂಡಳೋ ಇಲ್ಲವೋ ಕೇಳಿ, ಎದ್ದು ಬನ್ನಿ.