ಮಾಳಿಗೆ ಕೋಣೆಯ ಎರಡನೆಯ ಬೀಗದ ಕೈ

ಅಧ್ಯಕ್ಷತೆ ವಹಿಸಿಕೊಂಡ ಕ್ಷಣದಿಂದ ಗಡಿಯಾರವನ್ನೇ ನೋಡುತ್ತಿರುವ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮಧುಸೂದನ ರಾಯರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಸುಮತಿಯವರೇ, ‘ಜೊತೆಮಾತು’ ಎಂಬ ಮಕ್ಕಳ ಮತ್ತು ಕುಟುಂಬಗಳ ಆಪ್ತಸಮಾಲೋಚನಾ ಕೇಂದ್ರವನ್ನು ನಡೆಸುತ್ತಿರುವ ಶ್ರೀವಿದ್ಯಾ ಮೇಡಂ ಅವರೇ, ಕೊನೆಯಲ್ಲಿ ನಮ್ಮ ಹೋಟೆಲಿನ ಕಾಫಿ ಉಂಟೆಂದು ತಿಳಿದು ಗಟ್ಟಿಯಾಗಿ ಕುಳಿತಿರುವ ಸಭಿಕರೇ,

ಕೇಂದ್ರದ ಈ ಮೂರನೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನನಗೆ ಕೊಟ್ಟದ್ದು ಎರಡು ನಿಮಿಷ. ಎರಡು ನಿಮಿಷದಲ್ಲಿ ನಮ್ಮಲ್ಲಿ ದೋಸೆಯ ಕಲ್ಲು ಕೂಡ ಕಾಯುವುದಿಲ್ಲ. ಆದ್ದರಿಂದ ರಾಯರು ಗಡಿಯಾರವನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಕೈಯಲ್ಲಿ ಒಂದು ಚೀಟಿ ಕಾಣುತ್ತಿದೆಯಲ್ಲವೇ? ಈ ಭೋಜರಾಜ ಚೀಟಿ ನೋಡಿ ಮಾತನಾಡಿದ್ದನ್ನು ತಮಿಳು ಸೀಮೆಯ ಈ ವೆಸ್ಟ್ ಮಾಂಬಲಂನಲ್ಲಿ ಯಾರಾದರೂ ಕಂಡಿದ್ದೀರಾ? ಇಲ್ಲ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಮಾತ್ರ ಓದಿದವನು ನಾನು. ಆದರೆ ಎಂ.ಎ. ಮಾಡಿದವರಿಗೆ ಭಾಷಣ ಹೇಳಿಕೊಟ್ಟಿದ್ದೇನೆ. ಈ ಚೀಟಿಯ ವಿಷಯ ಬೇರೆ. ಅದು ಆಮೇಲೆ.

ಮೂರು ವರ್ಷದ ಹಿಂದೆ ಶ್ರೀವಿದ್ಯಾ ಮೇಡಂ ನಮ್ಮ ‘ಭೋಜರಾಜ ವಿಲಾಸ’ಕ್ಕೆ ಬಂದು, ಮೇಲಿನ ಮಾಳಿಗೆ ಕೋಣೆ ಬೇಕು ಎಂದರು. ಏನು ಮಾಡುತ್ತೀರಿ ಎಂದು ಕೇಳಿದೆ. “ಮಕ್ಕಳು ಹೇಳುವುದನ್ನು ಕೇಳ್ತೇವೆ. ಅಪ್ಪ ಅಮ್ಮ ಹೇಳುವುದನ್ನೂ ಕೇಳ್ತೇವೆ” ಎಂದರು. ಮತ್ತೆ? “ಕೇಳ್ತೇವೆ.” ಅಷ್ಟಕ್ಕೆ ಒಂದು ಕೋಣೆ ಬೇಕೇ? ನಾನು ಕ್ಯಾಶಿನಲ್ಲಿ ಕುಳಿತು ನಲವತ್ತು ವರ್ಷ ಕೇಳಿದ್ದೇನೆ, ಒಂದು ಸ್ಟೂಲು ಸಾಕಾಗಿದೆ. ಇಡ್ಲಿ ತರಿಸಿ ಚಟ್ನಿಯಲ್ಲಿ ಗೆರೆ ಎಳೆಯುತ್ತಾ ಕೂರುವವನು ಹೆಂಡತಿಯೊಡನೆ ಜಗಳವಾಡಿ ಬಂದವನು. ಮಗುವಿಗೆ ಪೂರಿ ಕೊಡಿಸಿ ತಾನು ಫೋನು ನೋಡುವವಳು ಗಂಡನೊಡನೆ ಮಾತು ಬಿಟ್ಟವಳು. ಇದನ್ನು ತಿಳಿಯಲು ಯಾವ ಡಿಪ್ಲೊಮಾ ಬೇಕು ಹೇಳಿ?

ಆದರೂ ಕೋಣೆ ಕೊಟ್ಟೆ. ಬಾಡಿಗೆ ಇಲ್ಲದೆ ಕೊಟ್ಟೆ. ಬಾಗಿಲ ಮೇಲೆ ಅಮೃತಶಿಲೆಯ ಫಲಕ ಹಾಕಿಸಿದೆ. ಅದರಲ್ಲಿ ಕೇಂದ್ರದ ಹೆಸರಿಗಿಂತ ನನ್ನ ಹೆಸರು ದೊಡ್ಡದಾಗಿದೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಕಲ್ಲು ಕೆತ್ತುವವನು ನನ್ನ ಅಭಿಮಾನಿ, ನಾನೇನು ಮಾಡಲಿ? ಮೊದಲು ಅದು ಈರುಳ್ಳಿ ಇಡುವ ಕೋಣೆಯಾಗಿತ್ತು. ಎಷ್ಟು ಸುಣ್ಣ ಹೊಡೆದರೂ ವಾಸನೆ ಹೋಗಲಿಲ್ಲ. ಅದೂ ಒಂದು ಅನುಕೂಲವೇ. ಮೇಲೆ ಅತ್ತು ಕೆಳಗಿಳಿದು ಬಂದವರು, ಯಾರಾದರೂ ಕೇಳಿದರೆ, ಈರುಳ್ಳಿ ಎಂದು ಹೇಳಿಬಿಡಬಹುದು.

ಯಾರು ಕೇಳುತ್ತಾರೆ ಎನ್ನುತ್ತೀರಾ? ನೀವೇ ಕೇಳುತ್ತೀರಿ. ನಮ್ಮ ಕನ್ನಡದವರ ವಿಷಯ ನನಗೆ ಗೊತ್ತಿಲ್ಲವೇ? ಕನ್ನಡ ಸಂಘದ ಮೀಟಿಂಗಿನಲ್ಲಿ “ಅಂಥ ಪ್ರಾಬ್ಲಂ ನಮ್ಮ ಮನೆ ಮಕ್ಕಳಿಗೆ ಇಲ್ಲಪ್ಪ” ಎನ್ನುವುದು. ಮರುದಿನ ಪಾತ್ರೆ ತೊಳೆಯುವ ಕಡೆಯಿಂದ ಹಿಂದಿನ ಮೆಟ್ಟಿಲು ಹತ್ತುವುದು. ಇಳಿಯುವಾಗ ನನ್ನ ಕಣ್ಣಿಗೆ ಬಿದ್ದರೆ “ಉಪ್ಪಿಟ್ಟು ಪಾರ್ಸೆಲ್ ತಗೊಳ್ಳೋಣ ಅಂತ ಬಂದೆ” ಎನ್ನುವುದು. ಈ ಮೂರು ವರ್ಷದಲ್ಲಿ ನಮ್ಮಲ್ಲಿ ಉಪ್ಪಿಟ್ಟಿನ ಪಾರ್ಸೆಲ್ ಎಷ್ಟು ಏರಿದೆ ಗೊತ್ತೇ? ಅಷ್ಟು ಜನ ಉಪ್ಪಿಟ್ಟು ಇಷ್ಟಪಡುವ ಊರು ಭೂಮಿಯ ಮೇಲೆ ಇನ್ನೊಂದಿಲ್ಲ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಎರಡನೆಯ ಸಾಲಿನಲ್ಲಿರುವವರು ತಲೆ ತಗ್ಗಿಸಬೇಕಾಗಿಲ್ಲ.

ಶ್ರೀವಿದ್ಯಾ ಮೇಡಂ, ಹಾಗೆ ನೋಡಬೇಡಿ. ಹೆಸರು ಹೇಳಲಿಲ್ಲ.

ಈಗ ಕಾಂತಪ್ಪನ ವಿಷಯಕ್ಕೆ ಬರುತ್ತೇನೆ. ಕಾಂತಪ್ಪ ನಮ್ಮ ಹಿರಿಯ ಸಪ್ಲಾಯರು, ಮೂವತ್ತೊಂದು ವರ್ಷದಿಂದ ನನ್ನ ಜೊತೆ ಇರುವವನು. ನಮ್ಮ ಹೋಟೆಲಿನಲ್ಲಿ ಯಾರೂ ಬರಿಯ ಮೇಜಿನ ಮುಂದೆ ಕೂರಬಾರದು ಎಂಬುದು ನನ್ನ ನಿಯಮ. ಮೇಲೆ ಬಂದವರೂ ನಮ್ಮ ಅತಿಥಿಗಳಲ್ಲವೇ? ಆದ್ದರಿಂದ ಕಾಲು ಗಂಟೆಗೊಮ್ಮೆ ಕಾಂತಪ್ಪ ಕಾಫಿ, ಹಾಲು ತೆಗೆದುಕೊಂಡು ಮೇಲೆ ಹೋಗುವುದು ಎಂದು ಮಾಡಿದೆ. ಒಳ್ಳೆಯ ಬುದ್ಧಿಯಿಂದಲೇ ಮಾಡಿದೆ.

ಕಾಂತಪ್ಪ ಹಳೆಯ ಕಾಲದವನು, ಆರ್ಡರು ಬರೆದುಕೊಳ್ಳುವುದಿಲ್ಲ. ಹದಿನೆಂಟು ಮೇಜಿನ ತಿಂಡಿ ತಲೆಯಲ್ಲೇ ಇರುತ್ತದೆ. ಗಿರಾಕಿ ಎದ್ದಾಗ ಕ್ಯಾಶಿಗೆ ಕೂಗಿ ಹೇಳುತ್ತಾನೆ, ಒಂದು ವಡೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಥ ಕಿವಿಯನ್ನು ಆ ಕೋಣೆಗೆ ಕಳಿಸಿದರೆ ಏನಾದೀತು? ಕೆಳಗಿಳಿದು ಬಂದು ಅದೇ ರಾಗದಲ್ಲಿ ನನ್ನ ಕಿವಿಗೆ ಹಾಕುತ್ತಿದ್ದ. “ಮೇಲೆ ಮೂರು ಜನ, ಧಣಿ. ಅಪ್ಪನ ಬೆಲ್ಟು ಎರಡು. ಅಮ್ಮಂದು ಸುಮ್ಮನೆ ಕೂತದ್ದು ಒಂದು. ಹುಡುಗಂದು ಅಳು, ಅರ್ಧ.”

ಕೇಳಿದ ಮೇಲೆ ಸುಮ್ಮನಿರಲು ನಾನೇನು ಕಲ್ಲೇ? ಆ ಅಪ್ಪ ಬಿಲ್ಲು ಕೊಡಲು ಬಂದಾಗ ಹೇಳಿದೆ: “ಬೆಲ್ಟು ಇರುವುದು ಸೊಂಟಕ್ಕೆ ಮಾರಾಯ್ರೇ, ಮಗನ ಬೆನ್ನಿಗಲ್ಲ.” ಗಟ್ಟಿಯಾಗಿಯೇ ಹೇಳಿದೆ. ಹಿಂದೆ ಸಾಲಿನಲ್ಲಿ ಎಂಟು ಜನ ಇದ್ದರು, ಇಬ್ಬರು ನಕ್ಕರು. ಒಂದೇ ಮಾತಿನಲ್ಲಿ ಕೇಸು ಮುಗಿಸಿದೆ ಎಂದು ಆ ದಿನವಿಡೀ ಮೀಸೆ ತಿರುವಿದ್ದೇನೆ. ಅವರ ಹೆಸರನ್ನು ಹೇಳುವುದಿಲ್ಲ. ಅಂಬತ್ತೂರಿನ ಕಡೆಯವರು ಎಂದೂ ಹೇಳುವುದಿಲ್ಲ.

ಆಯಿತು ಮೇಡಂ, ಆಯಿತು. ಬಾಯಿ ತಪ್ಪಿತು.

ಆ ಅಪ್ಪ ಮತ್ತೆ ಬರಲಿಲ್ಲ. ಹುಡುಗನೂ ಬರಲಿಲ್ಲ. ಒಂದು ವಾರದ ಮೇಲೆ ಮೇಡಂ ಕ್ಯಾಶಿನ ಮುಂದೆ ಬಂದು ನಿಂತರು. ಬೈಯುತ್ತಾರೆಂದು ಎಣಿಸಿದ್ದೆ, ಬೈಯಲಿಲ್ಲ. “ಆ ಮಗು ನನ್ನ ಹತ್ರ ಬಾಯಿ ಬಿಡ್ಲಿಕ್ಕೆ ಒಂಬತ್ತು ವಾರ ಬೇಕಾಯ್ತು, ಭೋಜರಾಜರೇ. ಅದನ್ನು ಮುಚ್ಚಿಸ್ಲಿಕ್ಕೆ ನಿಮಗೆ ಒಂದು ಬಿಲ್ಲು ಸಾಕಾಯ್ತು.” ಇಷ್ಟೇ ಹೇಳಿ, ಇನ್ನು ಕಾಫಿ ಬೇಡ ಎಂದು ಹೋದರು. ಬಾಗಿಲಿಗೆ ಹೊಸ ಬೀಗ ಹಾಕಿಸಿದರು. ಒಳಗೆ ಕುಳಿತು ಬೀಗ ತಿರುಗಿಸುತ್ತಾರೆ. ನನಗೆ ಸಿಟ್ಟು ಬಂತು. ಕಟ್ಟಡ ಯಾರದ್ದು? ಫಲಕದಲ್ಲಿ ಯಾರ ಹೆಸರು? ಧಣಿಯ ಹಕ್ಕು ಎಂದು ಹೇಳಿ ಎರಡನೆಯ ಬೀಗದ ಕೈ ಇಸಿದುಕೊಂಡೆ. ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ.

ಆ ಹುಡುಗ ಇವತ್ತಿನವರೆಗೂ ಬಂದಿಲ್ಲ. ಚಪ್ಪಾಳೆ ತಟ್ಟುವ ಜಾಗ ಇದಲ್ಲ. ಸುಮ್ಮನೆ ಹೇಳಿದೆ.

ನನಗೊಬ್ಬಳು ಮೊಮ್ಮಗಳಿದ್ದಾಳೆ, ಪ್ರಣಮ್ಯಾ. ಹನ್ನೆರಡು ವರ್ಷ. ಮಗ ಜಯಪ್ರಕಾಶನ ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು, ಅದಕ್ಕೇ ನಾನು ದಿನಾ ರೇಗುತ್ತಿದ್ದೆ. ಹೋದ ಆಷಾಢದಲ್ಲಿ ತಮಿಳೂ ನಿಂತಿತು. ಏನು ಕೇಳಿದರೂ “ಒಣ್ಣುಮಿಲ್ಲೆ”, ಏನಿಲ್ಲ. ಶಾಲೆಗೆ ಹೊರಟವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂರುತ್ತಿದ್ದಳು. ಆಗ ನಾನೇನು ಮಾಡಿದೆ? ಊರಿಗೆ ಬುದ್ಧಿ ಹೇಳುವ ಭೋಜರಾಜ ಏನು ಮಾಡಿದ?

ಅವಳನ್ನು ಕ್ಯಾಶಿನ ಪಕ್ಕ ನಿಲ್ಲಿಸಿದೆ. ಬಂದ ಬಂದ ಗಿರಾಕಿಗಳಿಗೆಲ್ಲ “ಇವಳು ಶಾಲೆಗೆ ಹೋಗುವುದಿಲ್ಲವಂತೆ, ನೀವೇ ಒಂದು ಮಾತು ಹೇಳಿ ನೋಡುವ” ಎಂದೆ. ಎಲ್ಲರೂ ಹೇಳಿದರು. ರೈಲ್ವೆಯವರು ಹೇಳಿದರು, ಇನ್ಶೂರೆನ್ಸಿನವರು ಹೇಳಿದರು. ಪಲ್ಲಾವರಂ ಸಂತೆಯಿಂದ ತರಕಾರಿ ತಂದು ಹಾಕುವವನು ಕೂಡ, ಮೂಟೆ ಇಳಿಸುತ್ತಾ ಹೇಳಿದ. ಈ ಸಭೆಯಲ್ಲಿ ಹೇಳಿದವರು ಆರೇಳು ಜನರಾದರೂ ಇದ್ದೀರಿ. ಬಹಳ ಚೆನ್ನಾಗಿ ಹೇಳಿದಿರಿ. ಅವಳು ನೆಲ ನೋಡುತ್ತಾ ನಿಂತಿದ್ದಳು. ನನ್ನ ಹೆಂಡತಿ ಗುಣವತಿ ಒಳಗಿನಿಂದ ಬಂದು, ಅವಳ ಕೈ ಹಿಡಿದು ಕರೆದುಕೊಂಡು ಹೋಗುವಾಗ ನನಗೆ ಹೇಳಿದಳು: “ನೀವು ತಿಂಡಿ ಮಾರಿ, ಸಾಕು. ಮಗುವನ್ನು ಪ್ರದರ್ಶನಕ್ಕೆ ಇಡ್ಬೇಡಿ.”

ಆಮೇಲೆ ಸೊಸೆ ವಂದನಾ ಪ್ರತಿ ಸೋಮವಾರ ನಾಲ್ಕು ಗಂಟೆಗೆ ಅವಳನ್ನು ಮೇಲೆ ಕರೆದುಕೊಂಡು ಹೋಗಲು ಶುರುಮಾಡಿದಳು. ಯಾವ ಮೆಟ್ಟಿಲು? ಹಿಂದಿನ ಮೆಟ್ಟಿಲು. ನನ್ನ ಸೊಸೆ, ನನ್ನ ಮೊಮ್ಮಗಳು, ನನ್ನದೇ ಕಟ್ಟಡದಲ್ಲಿ, ಪಾತ್ರೆ ತೊಳೆಯುವ ಕಡೆಯಿಂದ. ನನ್ನನ್ನು ಕಂಡರೆ ಉಪ್ಪಿಟ್ಟು ಎಂದು ಹೇಳುವುದೊಂದು ಬಾಕಿ.

ಗೊತ್ತಾದ ಮೇಲೆ, ಮೇಡಂ ಬೇಡ ಎಂದಿದ್ದರೂ, ಬಾಗಿಲು ತಟ್ಟು ಎಂದು ಹೇಳಿ ಕಾಂತಪ್ಪನನ್ನು ಹಾಲಿನ ಲೋಟ ಕೊಟ್ಟು ಮೇಲೆ ಕಳಿಸಿದೆ. ಇಳಿದು ಬಂದ. ಎಂತ ಹೇಳಿದಳು ಎಂದು ಕೇಳಿದೆ.

“ಹಾಲು ಬೇಡ ಅಂದ್ಳು, ಧಣಿ.”

“ಮತ್ತೆ?”

“ಅಷ್ಟೇ ಆರ್ಡರು.”

“ಕಾಂತಪ್ಪ, ನನ್ನ ಮೊಮ್ಮಗಳು ಅವಳು.”

“ಅದಕ್ಕೇ ಧಣಿ. ಬೇಕಾದ್ರೆ ನಾಳೆಯಿಂದ ಬರ್ಬೇಡ ಅಂತ ಹೇಳಿ. ಮೇಲಿನ ಮೇಜಿನ ಆರ್ಡರು ನಾನಿನ್ನು ಕೂಗುವುದಿಲ್ಲ.”

ಮೂವತ್ತೊಂದು ವರ್ಷದಲ್ಲಿ ನನಗೆ ಎದುರು ಹೇಳಿದ್ದು ಅದೇ ಮೊದಲು. ಆಗಲೂ ನನಗೆ ಬುದ್ಧಿ ಬಂತೇ? ಬರಲಿಲ್ಲ. ಮರುವಾರ ನಾನೇ ಮೆಟ್ಟಿಲು ಹತ್ತಿದೆ. ಬಾಗಿಲ ಹಿಂದಿನಿಂದ ಅವಳ ದನಿ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಉದ್ದದ ಒಂದು ಮಾತು! ಸಂತೋಷದಲ್ಲಿ ಉಡಿದಾರದ ಬೀಗದ ಕೈ ತೆಗೆದು ತಿರುಗಿಸಿಯೇಬಿಟ್ಟೆ. ಅವಳು ಹೇಳುತ್ತಿದ್ದದ್ದು ಇದು: “ಅಜ್ಜ ಕಿಟ್ಟ ಸೊನ್ನಾ ಹೋಟೆಲ್ ಪೂರಾ ತೆರಿಂಜಿಡುಂ.” ಅಜ್ಜನ ಹತ್ತಿರ ಹೇಳಿದರೆ ಇಡೀ ಹೋಟೆಲಿಗೆ ಗೊತ್ತಾಗಿಬಿಡುತ್ತದೆ.

ಬಾಗಿಲು ತೆರೆಯಿತು. ನನ್ನನ್ನು ಕಂಡಳು. ಬಾಯಿ ಮುಚ್ಚಿತು. ಮೂರು ವಾರದಿಂದ ಅವಳು ಮೇಲೆ ಹೋಗಿಲ್ಲ. ಶಾಲೆಗೂ ಹೋಗಿಲ್ಲ.

ಈಗ ಚೀಟಿ. ನಮ್ಮ ಮನೆಯ ಸಂಗತಿಯನ್ನೂ ಹೀಗೆ ಮೈಕಿನಲ್ಲಿ ಕೂಗುತ್ತಿದ್ದೇನಲ್ಲಾ ಎಂದು ನಿಮ್ಮಲ್ಲಿ ಬುದ್ಧಿವಂತರು ಎಣಿಸುತ್ತಿರಬಹುದು. ಅನುಮತಿ ಉಂಟು. ಮೊನ್ನೆ ಬೆಳಗ್ಗೆ ಬಿಲ್ಲು ಚುಚ್ಚುವ ಕಂಬಿಯಲ್ಲಿ ಬಿಲ್ಲುಗಳ ಮೇಲೆ ಈ ಚೀಟಿ ಚುಚ್ಚಿತ್ತು. ತಮಿಳಿನಲ್ಲಿ ಬರೆದದ್ದು. ಬಸ್ಸಿನ ಬೋರ್ಡು ಓದಿ ಕಲಿತ ತಮಿಳು ನನ್ನದು, ಅರ್ಧ ಗಂಟೆ ಬೇಕಾಯಿತು. ಕೇಳಿದ್ದರೆ ಕಾಂತಪ್ಪ ಓದಿ ಹೇಳುತ್ತಿದ್ದ, ನಾನು ಅವನನ್ನು ಕೇಳಲಿಲ್ಲ. ಕನ್ನಡ ಮಾಡಿ ಓದುತ್ತೇನೆ. ‘ಅಜ್ಜ ಫಂಕ್ಷನ್‌ನಲ್ಲಿ ಹೇಳಬಹುದಾದದ್ದು: ಶಾಲೆಗೆ ಹೋಗದಿದ್ದದ್ದು. ಕ್ಯಾಶಿನ ಹತ್ತಿರ ನಿಲ್ಲಿಸಿದ್ದು. ಮೇಲೆ ಹೋದದ್ದು. ಬೀಗ ತೆಗೆದದ್ದು, ಆಗ ಕೇಳಿಸಿದ ಮಾತು. ಆಮೇಲೆ ಬೀಗದ ಕೈಯನ್ನು ಮೇಡಂಗೆ ಕೊಡಬೇಕು. ಮನೆಯಲ್ಲಿ ಕೊಟ್ಟರೆ ಅಜ್ಜ ವಾಪಸ್ ಕೇಳುತ್ತಾರೆ. ಎಲ್ಲರ ಮುಂದೆ ಕೊಟ್ಟರೆ ಕೇಳುವುದಿಲ್ಲ. ಬೇರೆ ಏನೂ ಹೇಳಬಾರದು. ಕೇಳಲೂಬಾರದು.’

ಸಭಿಕರೇ, ಮನುಷ್ಯರನ್ನು ಓದುವುದು ನಲವತ್ತು ವರ್ಷದಿಂದ ನನ್ನ ಕಸುಬು ಎಂದೆನಲ್ಲ. ಈ ಕಸುಬು ಯಾರಿಗೆ ಬಂದಿದೆ ನೋಡಿ. ಜಂಬಕ್ಕಾದರೂ ನಾನು ನೂರು ಜನರ ಮುಂದೆ ಆಡಿದ ಮಾತಿನಿಂದ ಹಿಂದೆ ಸರಿಯುವವನಲ್ಲ ಎಂಬುದನ್ನು ನೆಲ ನೋಡುತ್ತಾ ನಿಂತೇ ತಿಳಿದುಕೊಂಡಿದ್ದಾಳೆ.

ತಗೊಳ್ಳಿ ಮೇಡಂ. ಫೋಟೋದವರೇ, ನೀವು ತೆಗೆಯಬೇಡಿ, ನನ್ನ ಉಡಿದಾರ ಬಿಚ್ಚುವ ಫೋಟೋ ಯಾರಿಗೆ ಬೇಕು? ಗಂಟು ಬಿಗಿಯಾಗಿದೆ… ಬಂತು. ನನ್ನ ಹತ್ತಿರ ಇನ್ನೊಂದು ಪ್ರತಿ ಇಲ್ಲ. ಆಣೆ ಇಲ್ಲ, ಪ್ರಮಾಣ ಇಲ್ಲ, ಇಷ್ಟು ಜನ ನೋಡಿದ್ದೀರಿ, ಸಾಕು. ಫಲಕ ಮಾತ್ರ ಅಲ್ಲೇ ಇರಲಿ. ಅದನ್ನು ತೆಗೆಯಬೇಕೆಂದು ಚೀಟಿಯಲ್ಲಿ ಇಲ್ಲ.

ಬಾಗಿಲ ಹತ್ತಿರ ಕಾಂತಪ್ಪನ ಪಕ್ಕದಲ್ಲಿ ನಿಂತವಳನ್ನು ಯಾರೂ ತಿರುಗಿ ನೋಡಬೇಡಿ. ದಯವಿಟ್ಟು. ರಾಯರೇ, ನೀವೂ ನೋಡಬೇಡಿ. ನಾನು ನೋಡಿದೆ, ಅಷ್ಟು ಸಾಕು.

ಇನ್ನೊಂದೇ ಮಾತು. ಹೊರಗೆ ಕಾಫಿಗೆ ನಿಂತಾಗ ನನ್ನ ಹೆಗಲಿಗೆ ಕೈ ಹಾಕಿ “ಭೋಜರಾಜರೇ, ಹುಡುಗಿಗೆ ನಿಜಕ್ಕೂ ಏನಾಗಿತ್ತು?” ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ. ನನ್ನ ಕಟ್ಟಡದಲ್ಲಿ ನಡೆದದ್ದು ನನಗೆ ಗೊತ್ತಿಲ್ಲದೇ ಇರುವುದು ಇದೇ ಮೊದಲು. ಬಹಳ ಕಷ್ಟವಾಗುತ್ತದೆ. ಕಾಂತಪ್ಪನನ್ನೂ ಕೇಳಬೇಡಿ. ಸಕ್ಕರೆ ಎಷ್ಟು ಎಂದು ಮಾತ್ರ ಅವನಿಗೆ ಹೇಳಿ.

ನನ್ನನ್ನು ಇಷ್ಟು ಹೊತ್ತು ಸಹಿಸಿದ ರಾಯರಿಗೂ, ಕೋಣೆಗೆ ಬೀಗ ಹಾಕಿಸಿದ ಮೇಡಂಗೂ, ಚೀಟಿ ಬರೆದವಳಿಗೂ ನನ್ನ ಧನ್ಯವಾದ. ನಾಳೆ ಸೋಮವಾರ, ನಾಲ್ಕು ಗಂಟೆಗೆ ಹಿಂದಿನ ಮೆಟ್ಟಿಲ ಕಡೆ ನಾನು ಬೆನ್ನು ಹಾಕಿ ಕುಳಿತಿರುತ್ತೇನೆ. ಯಾರು ಹತ್ತಿದರೂ ನನಗೆ ಕಾಣುವುದಿಲ್ಲ. ನಮಸ್ಕಾರ.