ಊಟ ಆಯ್ತು ಅನ್ನೋ ನಾಡಿನ ಜನಾಭಿಪ್ರಾಯ

ಕೇಳ್ರವ್ವಾ, ಕೇಳ್ರಪ್ಪಾ. ಹೂಂಗುಟ್ಟೋರು ಹೂಂಗುಟ್ಟಿ, ತೂಕಡಿಸೋರು ಗೋಡೆಗೆ ಒರಗಿ. ಒಂದಾನೊಂದು ನಾಡು. ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ, ಬೇಡ.

ಆ ನಾಡಿನ ಜನ ಬಲು ಮರ್ಯಾದಸ್ತರು. ಎದುರಿಗಿದ್ದವರ ಮನಸ್ಸು ನೋಯಿಸೋದು ಮಹಾಪಾಪ. ಉಪವಾಸ ಬಿದ್ದವನಿಗೆ "ಊಟ ಆಯ್ತಾ?" ಅಂದರೂ "ಈಗಷ್ಟೇ ಆಯ್ತು" ಅಂತ ತೇಗೋನು!

ಅಲ್ಲಿ ದೊರೆಯನ್ನ ಆರಿಸೋದು ಮುಚ್ಚಿದ ಗಡಿಗೆಗೆ ಕಲ್ಲು ಹಾಕಿ. ಆಳ್ತಿದ್ದ ಉದ್ದಂಡರಾಯನ ಎದುರು ನಿಲ್ಲೋಕೆ ಯಾರಿಗೂ ಎದೆಯಿಲ್ಲ. ಆದರೆ ಗಡಿಗೆ ಎರಡಿರಬೇಕು, ಅದು ಕಟ್ಟಳೆ. ಸರಿ, ಎರಡನೇ ಗಡಿಗೆಗೆ ಒಂದು ಎಮ್ಮೆ ನಿಲ್ಲಿಸಿದರು.

ಎದುರಾಳಿ ಎಮ್ಮೆಯಾದರೂ ದೊರೆಗೆ ನಿದ್ದೆ ಹತ್ತಬೇಕಲ್ಲ? ಓಲೆಕಾರ ಕೊಟ್ರಯ್ಯನನ್ನ ಕರೆದ. "ಮನೆಮನೆಗೆ ಹೋಗಿ ಕಲ್ಲು ಯಾರಿಗೆ ಅಂತ ಕೇಳಿಕೊಂಡು ಬಾ. ನೀನು ಹೇಳಿದ್ದು ಸುಳ್ಳಾದರೆ ನಿನ್ನ ತಲೆ ನಿನ್ನದಲ್ಲ."

ಕೊಟ್ರಯ್ಯ ಅರಮನೆಯ ಕೆಂಪು ರುಮಾಲು ಸುತ್ತಿಕೊಂಡು ಕೇಳಿದ. "ದೊರೆಗೇ! ಇನ್ಯಾರಿಗೆ?" ಅಂದರು ಜನ.

ರುಮಾಲಿನ ಭಯ ಇರಬೇಕು ಅಂದುಕೊಂಡು, ಅದನ್ನ ಬಿಚ್ಚಿಟ್ಟು, ಎಮ್ಮೆಯ ಹಗ್ಗ ಹಿಡಿದು ಅದೇ ಮನೆಗಳಿಗೆ ಹೋದ. "ಎಮ್ಮೆಗೇ! ಕೊಂಬು ನೋಡು, ಎಂಥಾ ಲಕ್ಷಣ!"

ಮೂರನೇ ಸಲ ರುಮಾಲೂ ಇಲ್ಲ, ಎಮ್ಮೆಯೂ ಇಲ್ಲ. ಬೋಳುತಲೆಯಲ್ಲಿ ಹೋದ. "ಓ, ನೀನೂ ನಿಂತೆಯಾ? ಹಾಗಾದರೆ ನಿನಗೇ!"

ಕೊನೇ ಮನೆ ಮಂಡಕ್ಕಿ ಹುರಿಯೋ ಹುಲಿಗೆವ್ವಜ್ಜಿಯದು. ಕೊಟ್ರಯ್ಯ ಕಾಲಿಗೆ ಬಿದ್ದ. "ಯವ್ವಾ, ನನ್ನ ತಲಿ ಹೋಗ್ತೈತಿ. ನೀನಾರ ಖರೇ ಹೇಳು."

"ಊಟ ಆತೇನಪ್ಪಾ?"

"ಆತು ಯವ್ವಾ."

"ನಿನ್ನ ಹೊಟ್ಟಿ ಗುರುಗುಟ್ಟೋದು ನನ್ನ ಬಾಣಲಿ ಸಪ್ಪಳಕ್ಕಿಂತ ಜೋರೈತಿ! ತುತ್ತು ಅನ್ನಕ್ಕ ನೀ ಸುಳ್ಳು ಹೇಳ್ತಿ, ರಾಜ್ಯಕ್ಕ ನಾ ಖರೇ ಹೇಳ್ಬೇಕಾ? ಕುಂಡ್ರು, ಮಂಡಕ್ಕಿ ತಿನ್ನು."

ತಿಂದ, ಅರಮನೆಗೆ ಬಂದ. ದೊರೆ ಕತ್ತಿ ಮಸೀತಾ ಕೂತಿದ್ದ. "ಗೆಲ್ತೀನಿ ತಾನೇ?"

ಕೇಳಿ, ಕತ್ತಿ ಮಸೆಯೋನು ಹಾಗೆ ಕೇಳಿದರೆ ನೀವಾದರೂ ಏನಂತಿದ್ದಿರಿ? ಕೊಟ್ರಯ್ಯನೂ ಅದೇ ನಾಡಿನವನು. "ಗೆಲ್ತೀರಿ ಪ್ರಭು" ಅಂದ.

ದೊರೆ ಅವತ್ತೇ ಹೋಳಿಗೆ ಹಂಚಿಸಿದ. ಕೂಸು ಹುಟ್ಟೋ ಮುಂಚೆ ಕುಲಾವಿ! ಆಮೇಲೆ ಗಡಿಗೆ ಒಡೆದರು. ದೊರೆಯ ಗಡಿಗೆಯಲ್ಲಿ ಒಂದೇ ಕಲ್ಲು, ಅದೂ ಅವನದೇ. ರಾಣಿಯ ಕಲ್ಲು ಎಲ್ಲಿ ಅಂತ ಯಾರೂ ಕೇಳಲಿಲ್ಲ, ಮರ್ಯಾದಸ್ತರಲ್ಲವೇ?

"ಹೊಡೀರಿ ಆ ಕೊಟ್ರಯ್ಯನ ತಲೆ!" ಅಂತ ಕಿರುಚಿದ ಉದ್ದಂಡರಾಯ.

ತಳವಾರ ಕೊಡಲಿ ಎತ್ತಿದವನು ಹಾಗೇ ನಿಂತ. "ತಪ್ಪು ತಿಳಕೋಬೇಡಿ ಸ್ವಾಮಿ, ಈಗ ಅಪ್ಪಣೆ ಎಮ್ಮೆಯವರು ಕೊಡಬೇಕು."

ಎಲ್ಲರೂ ಸಿಂಹಾಸನದ ಕಡೆ ತಿರುಗಿದರು. ಎಮ್ಮೆಯವರು ಮೆಲುಕು ಹಾಕ್ತಿದ್ದರು. ಈಗಲೂ ಹಾಕ್ತಿದ್ದಾರೆ. ಕೊಟ್ರಯ್ಯನ ತಲೆ ಕೊಟ್ರಯ್ಯನ ಮೇಲೇ ಇದೆ.

ಅವನು ಅಜ್ಜಿಯನ್ನ ಕೇಳಿದನಂತೆ, "ಹೋಗಿ ಹೋಗಿ ಎಮ್ಮಿಗ್ಯಾಕ ಹಾಕಿದ್ರಿ ಯವ್ವಾ?"

"ಮನಿ ಬಾಗ್ಲಿಗೆ ಬಂದು ಏನೂ ಕೇಳದೇ ಹೋದದ್ದು ಅದೊಂದೇ ನೋಡಪ್ಪಾ."

ಅವರು ಅಲ್ಲಿ, ನಾವು ಇಲ್ಲಿ. ಕಥೆ ಹೇಗಿತ್ತು ಅಂತ ನಾನು ಕೇಳೋದಿಲ್ಲ, ಕೇಳಿದರೆ ಚೆನ್ನಾಗಿತ್ತು ಅಂತೀರಿ. ಏಳಿ, ಎಲೆ ಹಾಕಿದೆ. ಆಯ್ತು ಅಂದೀರಿ, ಜೋಕೆ!